ಟ್ಯಾಂಕ್ ಬಿಟ್ಟು ಬಾವಿ ಹಿಡಿದೆ: ಸೆಪ್ಟಿಕ್ ಟ್ಯಾಂಕ್ ತಪಾಸಣೆಯ ನನ್ನ ಅನುಭವ

"ಇಪ್ಪತ್ತು ವರ್ಷ ಆಯ್ತು ಸಾರ್, ಒಂದ್ಸಲವೂ ತುಂಬಿಲ್ಲ." ಕರಾವಳಿಯಲ್ಲಿ ಸೆಪ್ಟಿಕ್ ಟ್ಯಾಂಕ್ ತಪಾಸಣೆಗೆ ಹೋದ ಪಿಡಿಒಗಳೆಲ್ಲ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು) ಈ ಮಾತು ಕೇಳಿರುತ್ತೀರಿ. ಹೇಳುವವರ ಮುಖದಲ್ಲಿ ಹೆಮ್ಮೆ ಬೇರೆ. ತುಂಬದೇ ಇರುವುದು ಟ್ಯಾಂಕ್ ಅಲ್ಲ, ತಳವಿಲ್ಲದ ಗುಂಡಿ ಅಂತ ನಿಮಗೆ ಹೇಳಬೇಕಿಲ್ಲ. ಸುತ್ತ ನೀರು ಸುಲಭವಾಗಿ ಇಳಿಯುವ ಮುರಕಲ್ಲು, ಹತ್ತು ಹೆಜ್ಜೆ ಆಚೆ ಬಾವಿ. ಹೊಲಸು ಹೋಗುವುದು ಅಲ್ಲಿಗೇ.

ಮೊದಲ ಸುತ್ತು ಫಾರಂ ಹಿಡಿದು ಹೋದೆ. ಟ್ಯಾಂಕ್ ಇದೆಯೇ? ಹೌದು. ಟ್ಯಾಂಕಿನಿಂದ ಹೊರಬರುವ ನೀರಿಗೆ ಇಂಗುಗುಂಡಿ? ಹೌದು. 140 ಮನೆಗೂ ಹೌದು! ಚಪ್ಪಡಿ ತೆಗೆಸಿ ಅಂದರೆ, ತೆರಿಗೆ ಜಾಸ್ತಿ ಮಾಡ್ತಾರೆ ಅಂತ ಗುಮಾನಿ. ಒಬ್ಬರು ಚಪ್ಪಡಿ ಮೇಲೆ ಒಗೆಯುವ ಕಲ್ಲು ಕೂರಿಸಿದ್ದರು, ಇನ್ನೊಬ್ಬರು ಹೂಕುಂಡ ಸಾಲಾಗಿ ಇಟ್ಟಿದ್ದರು. ಮೂರು ಮನೆಯಲ್ಲಿ ಒಡೆಸಿದೆವು. ಮತ್ತೆ ಕಾಂಕ್ರೀಟ್ ಹಾಕಿಸಲು ಮೇಸ್ತ್ರಿಗೆ ಮನೆಗೆ ಸುಮಾರು 1,500 ಹೋಯಿತು. ಒಂದು ಮನೆಯದು ನನ್ನ ಜೇಬಿನಿಂದಲೇ.

ಆಮೇಲೆ ಬಣ್ಣದ ಹುಚ್ಚು. ಬಟ್ಟೆಗೆ ಹಾಕುವ ಹಸಿರು ಬಣ್ಣ ಕಮೋಡಿಗೆ ಸುರಿದು ನಾಲ್ಕು ದಿನ ಬಾವಿಕಟ್ಟೆ ಕಾದೆ. ಬಾವಿಗೆ ಬರಲಿಲ್ಲ, ಪಕ್ಕದ ಮನೆಯ ತೋಟದ ಕಣಿಯಲ್ಲಿ (ಕಾಲುವೆಯಲ್ಲಿ) ಬಂತು. ಆ ಎರಡು ಮನೆಯವರು ಈಗಲೂ ಮಾತಾಡುವುದಿಲ್ಲ.

ಕೊನೆಗೆ ಟ್ಯಾಂಕಿನ ಸುದ್ದಿಯನ್ನೇ ಬಿಟ್ಟು ಎಚ್‌ಟುಎಸ್ ಬಾಟಲಿ ಹಿಡಿದುಕೊಂಡು ಹೊರಟೆ. ನೀರು ತುಂಬಿ ಇಟ್ಟರೆ, ಅದರಲ್ಲಿ ಮಲದ ಸೋಂಕು ಇದ್ದಾಗ ಕಪ್ಪಾಗುವ ಪರೀಕ್ಷೆಯ ಬಾಟಲಿ ಅದು. "ಬಾವಿ ನೀರು ನೋಡ್ತೇವೆ ಅಮ್ಮ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಎಂಜಿನಿಯರ್ ನಕ್ಕರು: "ಎಂತ ಮಾರಾಯ್ರೆ, ಕಕ್ಕಸು ನೋಡ್ಲಿಕ್ಕೆ ಹೋಗಿ ಬಾವಿ ಇಣುಕ್ತೀರಾ?"

ಮೊದಲ ಕಂತಿನ ಬಾಟಲಿ ಒಂದೂ ಕಪ್ಪಾಗಲಿಲ್ಲ. ಡಿಸೆಂಬರ್ ಚಳಿಯಲ್ಲಿ ಆಫೀಸಿನ ಮೇಜಿನ ಮೇಲೆ ಇಟ್ಟಿದ್ದೆ, ಬೆಚ್ಚಗೆ ಇರದಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡನೇ ಕಂತು ಎಲ್ಲವೂ ಕಪ್ಪು, ಕುದಿಸಿ ಆರಿಸಿದ ನೀರಿನದೂ! ಬಾವಿ ಹಗ್ಗ ಹಿಡಿದ ಕೊಳೆ ಕೈಯಲ್ಲೇ ಮುಚ್ಚಳ ತೆಗೆದಿದ್ದೆವು. ಬಾಟಲಿಗೆ 30-40 ರೂಪಾಯಿ, ನಲವತ್ತು ಬಾಟಲಿ ಹಾಳು. ಸದಸ್ಯರೊಬ್ಬರು ಸಭೆಯಲ್ಲೇ ಲೆಕ್ಕ ಕೇಳಿದರು.

ಜೂನ್‌ನಲ್ಲಿ ಮಳೆ ಹಿಡಿದು ಒಂದು ವಾರಕ್ಕೆ ಮತ್ತೆ ಹೋದೆ. ಈ ಸಲ ಬಾಟಲಿಯನ್ನು ಅವರವರ ಬಚ್ಚಲಿನ ಹಂಡೆ ಪಕ್ಕ, ಅಕ್ಕಿ ತುಂಬಿದ ಡಬ್ಬದಲ್ಲಿ ಹೂತಿಟ್ಟು ಬಂದೆ. ಮರುದಿನ ಅರ್ಧಕ್ಕರ್ಧ ಮನೆಯಲ್ಲಿ ಡಾಂಬರಿನಂತೆ ಕಪ್ಪು. ಅದನ್ನು ನೋಡಿದ್ದು ನಾನಲ್ಲ, ಮನೆಯವರು. ಹೂಕುಂಡದವರು ತಾವೇ ಕುಂಡ ಸರಿಸಿ ಫೋನ್ ಮಾಡಿದರು. ಎಲ್ಲ ಕಡೆಯೂ ಟ್ಯಾಂಕಿನದ್ದೇ ತಪ್ಪಲ್ಲ ಅನ್ನಿ. ಒಂದು ಕಡೆ ದನದ ಹಟ್ಟಿಯ ಗೊಬ್ಬರದ ಗುಂಡಿ ಸಿಕ್ಕಿಬಿತ್ತು.

ಅಲ್ಲಿಂದ ಮುಂದೆ ಸುಲಭ. ಅಡಿಕೆ ಕೀಳುವ ಉದ್ದ ದೋಟಿಯ ತುದಿಗೆ ಬಿಳಿ ಬೈರಾಸು (ಟವೆಲ್) ಸುತ್ತಿ ಟ್ಯಾಂಕಿನ ತಳದ ತನಕ ಇಳಿಸುವುದು, ಮೆಲ್ಲಗೆ ಎತ್ತುವುದು. ಕಪ್ಪು ಕೆಸರು ಎಲ್ಲಿವರೆಗೆ ಅಂಟಿದೆಯೋ ಅಷ್ಟು ಹೂಳು. ಅದು ಟ್ಯಾಂಕಿನ ನೀರಿನ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಹೂಳು ಹೀರುವ ಸಕ್ಕಿಂಗ್ ಲಾರಿ ಕರೆಸಬೇಕು. ತುದಿಗೆ ಕೆಂಪು ಮಣ್ಣು ಬಂದರೆ ತಳವೇ ಇಲ್ಲ. ಯಾರೂ ಒಳಗೆ ಇಳಿಯುವ ಹಾಗಿಲ್ಲ, ಹತ್ತಿರ ಬೀಡಿಯೂ ಹಚ್ಚುವ ಹಾಗಿಲ್ಲ. ಬೈರಾಸು ಜಾರದಂತೆ ಸುತ್ತುವ ಉಪಾಯ ಇಲ್ಲಿ ಬರೆಯುವುದಿಲ್ಲ. ಬಂದರೆ ತೋರಿಸುತ್ತೇನೆ.

ನಡುವೆ ಮೂರು ಟ್ಯಾಂಕಿಗೆ ಸಗಣಿ, ಹುಳಿಮಜ್ಜಿಗೆ, ಯೀಸ್ಟ್ ಹಾಕಿಸಿ ನಾಲ್ಕು ತಿಂಗಳು ಅಳೆದೆ. ಹೂಳು ಒಂದಿಂಚೂ ಇಳಿಯಲಿಲ್ಲ. ಆದರೆ ಗಾಳಿ ಕೊಳವೆಯ ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿಸಿದ್ದು ಫಲ ಕೊಟ್ಟಿತು. ಪರದೆಯ ಒಳಮೈಯಲ್ಲಿ ಸೊಳ್ಳೆ ಮುತ್ತಿಕೊಂಡಿದ್ದವು.

ಮೂವತ್ತು ಚಿಲ್ಲರೆ ಮನೆಯವರು ತಳ ಹಾಕಿಸಿ, ಇಂಗುಗುಂಡಿಯನ್ನು ಬಾವಿಯಿಂದ ದೂರ, ತಗ್ಗಿನ ಕಡೆಗೆ ಮಾಡಿಸಿದರು. "ಇಪ್ಪತ್ತು ವರ್ಷ" ಅಂದವರೂ ಸೇರಿ. ಮೊನ್ನೆ ಅವರು ಪಂಚಾಯಿತಿಗೆ ಬಂದು ಎಲ್ಲರೆದುರು ರೇಗಿದರು: "ನಿಮ್ಮ ಮಾತು ಕೇಳಿ ಕಟ್ಟಿಸಿದ್ದಕ್ಕೆ ನೋಡಿ ಸಾರ್, ಮೂರೇ ವರ್ಷಕ್ಕೆ ತುಂಬಿಬಿಟ್ಟಿದೆ!"

ನಾನು ಸುಮ್ನೆ ಲಾರಿಯವನ ನಂಬರ್ ಕೊಟ್ಟೆ.