ಮೂಳೆ ಹಳೆಯದು, ಅಕ್ಷರ ಯಾವಾಗಿನದು?

ಲೇಸ್ ಹೆಣೆಯುವಾಗ ದಾರ ಸುತ್ತಿಕೊಳ್ಳುವ ಬೆರಳುದ್ದದ ಕಡ್ಡಿಯೇ ಬಾಬಿನ್. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್, ನಾರ್ಥಾಂಪ್ಟನ್‌ಶೈರ್ ಕಡೆಯ ಹಳೆಯ ಬಾಬಿನ್‌ಗಳು ಹರಾಜಿಗೆ ಬಂದಾಗ ಜನ ಮೂಳೆ ಅಸಲಿಯೇ ಎಂದಷ್ಟೇ ನೋಡಿ ಕೊಳ್ಳಲು ಕೈ ಎತ್ತಿಬಿಡುತ್ತಾರೆ. ನಾನೂ ಒಮ್ಮೆ ಎತ್ತಿದ್ದೆ. ಮೂಳೆ ಹಳೆಯದೇ, ಅದರ ಮೇಲಿನ ಹೆಸರು ಮಾತ್ರ ಹೊಸದು.

1. ಮೊದಲು ಮೂಳೆಯೋ ಪ್ಲಾಸ್ಟಿಕ್ಕೋ ನೋಡಿ. ಮೂಳೆಯ ಮೈಯಲ್ಲಿ ರಕ್ತನಾಳ ಹಾದುಹೋದ ಕಡೆ ಕೂದಲೆಳೆಯಂಥ ಕಪ್ಪು ಗೀಟುಗಳಿರುತ್ತವೆ. ಕಾದ ಸೂಜಿ ಚುಚ್ಚಿ ನೋಡಿ ಅನ್ನುವವರ ಮಾತು ಕೇಳಬೇಡಿ, ವಸ್ತು ಹಾಳಾಗುತ್ತದೆ.

2. ಬುಡದಲ್ಲಿ ಸ್ಪ್ಯಾಂಗಲ್ ಎನ್ನುವ ಮಣಿಗಳ ಬಳೆ ಇರುತ್ತದೆ. ದಾರ ಬಿಗಿಯಾಗಿರಲಿ, ಬಾಬಿನ್ ಉರುಳದಿರಲಿ ಎಂದು ಅದು. ತಂತಿ ಹೊಸದಾಗಿದ್ದರೆ ಗಾಬರಿ ಬೇಡ. ತುಂಡಾದದ್ದನ್ನು ಮತ್ತೆ ಪೋಣಿಸುವುದು ಮಾಮೂಲು. ಡೆವನ್‌ನ ಹಾನಿಟನ್ ಬಾಬಿನ್‌ಗೆ ಮಣಿಯೇ ಇರುವುದಿಲ್ಲ. ಮಣಿ ಕಟ್ಟಿದ್ದನ್ನು ಹಾನಿಟನ್ ಎಂದು ಮಾರುವವರ ಪಟ್ಟಿಯನ್ನು ಅಲ್ಲೇ ಮಡಚಿಡಿ.

3. ಇನ್ನು ಅಕ್ಷರ. ಎಡವುವುದೆಲ್ಲ ಇಲ್ಲೇ. ಚುಕ್ಕೆಚುಕ್ಕೆಯಾಗಿ ಕೊರೆದು ಕೆಂಪು, ನೀಲಿ, ಕಪ್ಪು ಬಣ್ಣ ತುಂಬಿದ ಹೆಸರು, ಇಸವಿ ಇದ್ದರೆ ಬೆಲೆ ಏರುತ್ತದೆ. ಹಾಗಾಗಿ ಹಳೆಯ ಬೋಳು ಬಾಬಿನ್ ಮೇಲೆ ಈಗ ಕೊರೆಯುವವರಿದ್ದಾರೆ. ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಅರವತ್ತು ಪಟ್ಟು ಎಂದು ಬರೆದ ಅಗ್ಗದ ಗಾಜಿನಲ್ಲಿ ಮಬ್ಬಲ್ಲದೆ ಇನ್ನೇನೂ ಕಾಣದು. ಬೆಳಕನ್ನು ಪಕ್ಕದಿಂದ ಬಿಡಿ. ವರ್ಷಗಟ್ಟಲೆ ಬೆರಳಾಡಿದ ಕಡೆ ಗುಳಿಯ ಅಂಚು ಸವೆದು ನುಣುಪಾಗಿರಬೇಕು, ಬಣ್ಣ ಅಲ್ಲಲ್ಲಿ ಉದುರಿರಬೇಕು. ಅಂಚು ಉಗುರಿಗೆ ತಗುಲುವಷ್ಟು ಚೂಪಾಗಿದ್ದು, ಒಳಗೆ ಬೆಳ್ಳಗಿನ ಮೂಳೆ ಇಣುಕಿದರೆ ಅನುಮಾನಪಡಿ. ಅಕ್ಷರದ ಪಕ್ಕದ ಕೆತ್ತನೆಯ ಗೆರೆಯನ್ನೂ ನೋಡಿ: ಗೆರೆ ಸವೆದು, ಅಕ್ಷರ ಸವೆಯದೆ ಇರಲು ಹೇಗೆ ಸಾಧ್ಯ? ಹಳೆಯದಾಗಿ ಕಾಣಲೆಂದು ಚಹಾದಲ್ಲಿ ನೆನೆಸಿದ್ದಾದರೆ ಹೊಸ ಗುಳಿಯೊಳಗೂ ಹೊರಗೂ ಒಂದೇ ಕಂದು.

4. ಗಲ್ಲಿಗೇರಿದವರ ಹೆಸರಿನ ಬಾಬಿನ್‌ಗಳಿಗೆ ಬೇಡಿಕೆ ಜಾಸ್ತಿ. ಬಹಿರಂಗ ಗಲ್ಲಿನ ನೆನಪಿಗೆ ಕೊರೆದವು ಇವು. ಬ್ರಿಟನ್ನಿನಲ್ಲಿ ಬಹಿರಂಗ ಗಲ್ಲು ನಿಂತದ್ದು 1868ರಲ್ಲಿ, ಅಸಲಿ ಅಕ್ಷರವಾದರೆ ಅಷ್ಟು ಹಳೆಯದಾಗಿರಬೇಕು. ಅಂಥ ಹೆಸರು, ಇಸವಿ ಕಂಡರೆ ಮೂರನೆಯ ಹಂತವನ್ನು ಎರಡು ಸಲ ಮಾಡಿ.

5. ಕೈಗೆ ಕೊಡದ ಹರಾಜಾದರೆ ಅಕ್ಷರಗಳ ಹತ್ತಿರದ ಫೋಟೊ ಕೇಳಿ. ಕಳಿಸದಿದ್ದರೆ ಬೋಳು ಬಾಬಿನ್‌ನ ಬೆಲೆಗಿಂತ ಒಂದು ಪೆನ್ನಿಯೂ ಮೇಲೆ ಕೂಗಬೇಡಿ.