ಜಿಪಿಎಸ್ ಟ್ರ್ಯಾಕರ್ ಕೊಳ್ಳುವ ಮುನ್ನ

ಹುಬ್ಬಳ್ಳಿಯ ದುರ್ಗದಬೈಲ್‌ನಂತಹ ಜನನಿಬಿಡ ಜಾಗದಲ್ಲಿ ಬೈಕ್ ನಿಲ್ಲಿಸುವವರಿಗೂ, ಮರೆವಿನ ತೊಂದರೆಯಿರುವ ಹಿರಿಯರನ್ನು ನೋಡಿಕೊಳ್ಳುವವರಿಗೂ ಟ್ರ್ಯಾಕರ್ ನಿಜಕ್ಕೂ ಉಪಯುಕ್ತ. ಸಾಧನವು ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಳವನ್ನು ಗುರುತಿಸಿಕೊಂಡರೂ, ಆ ಮಾಹಿತಿಯನ್ನು ನಿಮ್ಮ ಮೊಬೈಲ್‌ಗೆ ತಲುಪಿಸುವುದು ಅದರೊಳಗಿನ ಸಿಮ್ ಆಗಿರುವುದರಿಂದ, ಮೊದಲು ವಿಚಾರಿಸಬೇಕಾದದ್ದು ನೆಟ್‌ವರ್ಕ್ ಬಗ್ಗೆ. 2ಜಿ ಮಾತ್ರ ಬಳಸುವ ಅಗ್ಗದ ಸಾಧನಗಳಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಕಲಘಟಗಿ ದಾಟಿ ಕಾಡಿನ ದಾರಿ ಹಿಡಿಯುವವರು, ಸಿಗ್ನಲ್ ಇಲ್ಲದಾಗ ಸ್ಥಳವನ್ನು ದಾಖಲಿಸಿಟ್ಟು ನಂತರ ಕಳುಹಿಸುವ ಸೌಲಭ್ಯವಿದೆಯೇ ಎಂದು ಕೇಳಿಕೊಳ್ಳಬೇಕು. ಕೀಲಿಗೊಂಚಲಿಗೆ ಹಾಕುವ ಬ್ಲೂಟೂತ್ ಟ್ಯಾಗ್‌ನಲ್ಲಿ ಸಾಮಾನ್ಯವಾಗಿ ಜಿಪಿಎಸ್ ಇರುವುದೇ ಇಲ್ಲ.

ನನಗೆ ಹೆಚ್ಚು ಕಳವಳವಿರುವುದು ಬಳಕೆಯ ವಿಷಯದಲ್ಲಿ. ಸ್ವಂತ ವಾಹನಕ್ಕೆ ಅಳವಡಿಸಿಕೊಳ್ಳುವುದು ಸರಿ; ಆದರೆ ವಯಸ್ಕರೊಬ್ಬರ, ಅವರು ಹೆಂಡತಿಯೇ ಆಗಿರಲಿ ಗಂಡನೇ ಆಗಿರಲಿ, ಚಲನವಲನವನ್ನು ಒಪ್ಪಿಗೆಯಿಲ್ಲದೆ ಗುಟ್ಟಾಗಿ ಗಮನಿಸಬಾರದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬೇಡವೆಂದರೂ ಮಹಿಳೆಯನ್ನು ಪದೇ ಪದೇ ಹಿಂಬಾಲಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಮೊದಲ ಅಪರಾಧಕ್ಕೇ 3 ವರ್ಷಗಳವರೆಗೆ ಸೆರೆವಾಸವಾಗಬಹುದು.

ಬೈಕ್ ಕಳುವಾದರೆ ಆ್ಯಪ್ ನೋಡುತ್ತ ನೀವೇ ಬೆನ್ನಟ್ಟಬೇಡಿ. 112ಕ್ಕೆ ಕರೆ ಮಾಡಿ ಸ್ಥಳದ ವಿವರವನ್ನು ಪೊಲೀಸರಿಗೆ ಒಪ್ಪಿಸಿ.