ದೇವದೂತ, ದೆವ್ವ, ದಾನವ: ಕಾಲೇಜು ಸಂಶೋಧನಾ ಪ್ರಬಂಧ ಬರೆಯುವ ಬಗೆ

ಕರಾವಳಿಯ ಕಾಲೇಜೊಂದರಲ್ಲಿ ಪದವಿ ವಿದ್ಯಾರ್ಥಿಗಳ ಕಿರು ಸಂಶೋಧನಾ ಪ್ರಬಂಧಗಳನ್ನು ತಿದ್ದುತ್ತ ಬಂದಿರುವ ನನಗೆ, ವರ್ಷಕ್ಕೆ ಒಬ್ಬರಾದರೂ ‘ದೇವದೂತರು ಮತ್ತು ದೆವ್ವಗಳು’ ಎಂಬ ವಿಷಯ ಹಿಡಿದು ಬರುವುದು ರೂಢಿಯಾಗಿಬಿಟ್ಟಿದೆ. ವಿಷಯ ಚೆನ್ನಾಗಿದೆ. ಆದರೆ ಬರುವ ಮೊದಲ ಕರಡು ಸಾಮಾನ್ಯವಾಗಿ ಚೆನ್ನಾಗಿರುವುದಿಲ್ಲ, ಏಕೆಂದರೆ ಅದರಲ್ಲಿ ಬೈಬಲ್ಲಿನ ಸೈತಾನ, ಪುರಾಣದ ಹಿರಣ್ಯಕಶಿಪು, ಊರ ಹೊರಗಿನ ಹುಣಸೆಮರದ ಪಿಶಾಚಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿರುತ್ತಾರೆ. ಅವರನ್ನು ಎಬ್ಬಿಸಿ ಅವರವರ ಎಲೆಯ ಮುಂದೆ ಕೂರಿಸುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲು ಪದಗಳನ್ನು ನೋಡಬೇಕು. ‘ಏಂಜೆಲ್’ ಎಂಬ ಇಂಗ್ಲಿಷ್ ಪದದ ಮೂಲ ಗ್ರೀಕಿನ ‘ಆಂಗೆಲೊಸ್’. ಹೀಬ್ರೂ ಬೈಬಲ್ಲಿನ ‘ಮಲಾಖ್’ ಎಂಬ ಪದಕ್ಕೆ ಗ್ರೀಕ್ ಭಾಷಾಂತರಕಾರರು ಇದನ್ನು ಬಳಸಿದರು. ಎರಡಕ್ಕೂ ಇರುವ ಅರ್ಥ ದೂತ, ಸುದ್ದಿ ತರುವವನು ಎಂದಷ್ಟೇ. ಮನುಷ್ಯರು ಕಳಿಸಿದ ಮನುಷ್ಯದೂತನಿಗೂ ಹೀಬ್ರೂವಿನಲ್ಲಿ ಅದೇ ಪದ. ಆದ್ದರಿಂದ ಕನ್ನಡ ಬೈಬಲ್ಲಿನಲ್ಲಿ ಬಳಕೆಯಾಗಿರುವ ‘ದೇವದೂತ’ ಎಂಬ ಪದ ಬಹಳ ಸರಿಯಾದದ್ದು, ‘ದೇವತೆ’ ಎಂದು ಬರೆದರೆ ತಪ್ಪಾಗುತ್ತದೆ. ದೇವತೆಗೆ ಪೂಜೆಯುಂಟು, ಹರಕೆಯುಂಟು. ದೂತನಿಗಿರುವುದು ಒಡೆಯನ ಅಪ್ಪಣೆ ಮಾತ್ರ. ನಮ್ಮಲ್ಲಿ ರಾಮದೂತನೂ ಇದ್ದಾನೆ, ಯಮದೂತನೂ ಇದ್ದಾನೆ ಎಂಬುದನ್ನು ನೆನೆದರೆ, ದೂತನ ಒಳ್ಳೆಯತನ ಕೆಟ್ಟತನಗಳು ಅವನನ್ನು ಕಳಿಸಿದವನ ಮೇಲೆಯೇ ನಿಂತಿವೆ ಎಂಬುದು ಕನ್ನಡ ಓದುಗನಿಗೆ ಬೇಗ ಹೊಳೆಯುತ್ತದೆ.

ಇನ್ನೊಂದು ಕಡೆಯ ಪದಗಳು ಇದಕ್ಕಿಂತ ಸಿಕ್ಕಾಗಿವೆ. ‘ಡೀಮನ್’ ಎಂಬುದರ ಮೂಲವಾದ ಗ್ರೀಕಿನ ‘ಡೈಮೊನ್’ ಮೊದಲಿಗೆ ಕೆಟ್ಟ ಪದವೇ ಆಗಿರಲಿಲ್ಲ; ದೇವರಿಗೂ ಮನುಷ್ಯನಿಗೂ ನಡುವಿನ ಶಕ್ತಿ ಎಂಬ ಅರ್ಥದಲ್ಲಿ ಅದು ಬಳಕೆಯಲ್ಲಿತ್ತು. ‘ಡೆವಿಲ್’ ಬಂದದ್ದು ‘ಡಿಯಾಬೊಲೊಸ್’ ಎಂಬ ಬೇರೆಯೇ ಪದದಿಂದ, ಅದರ ಅರ್ಥ ಚಾಡಿಕೋರ, ದೂಷಿಸುವವನು. ‘ಡೆವಿಲ್’ ಮತ್ತು ‘ದೇವ’ ಒಂದೇ ಧಾತುವಿನಿಂದ ಹುಟ್ಟಿದವು ಎಂದು ವಿದ್ಯಾರ್ಥಿಗಳು ಬಹಳ ಉತ್ಸಾಹದಿಂದ ಬರೆಯುತ್ತಾರೆ; ಉಚ್ಚಾರಣೆ ಹತ್ತಿರವಿದ್ದ ಮಾತ್ರಕ್ಕೆ ನೆಂಟಸ್ತನ ಹುಟ್ಟುವುದಿಲ್ಲವಾದ್ದರಿಂದ ಆ ವಾಕ್ಯವನ್ನು ಹೊಡೆದುಹಾಕಿ. ಆದರೆ ನಮ್ಮ ‘ದೆವ್ವ’ ಮಾತ್ರ ನಿಜವಾಗಿಯೂ ದೇವ, ದೈವ ಎಂಬ ಸಂಸ್ಕೃತ ಪದಗಳ ಮನೆಯಿಂದಲೇ ಬಂದ ತದ್ಭವ. ಪೂಜೆಗೆ ನಿಂತದ್ದಕ್ಕೂ ಹೆದರಿಸುವುದಕ್ಕೂ ಒಂದೇ ಮೂಲದ ಪದವಿರುವುದು ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ದೊಡ್ಡ ಸಂಗತಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ದೇವ, ದೈವ, ದೆವ್ವ, ಭೂತ ಈ ನಾಲ್ಕು ಪದಗಳನ್ನು ನೋಡಿ ಟಿಪ್ಪಣಿ ಮಾಡಿಕೊಳ್ಳದೆ ಕರಡಿಗೆ ಕೈಹಾಕಬೇಡಿ.

‘ಅಸುರ’ ಪದಕ್ಕೆ ಇನ್ನೂ ಉದ್ದದ ಚರಿತ್ರೆಯಿದೆ. ಋಗ್ವೇದದಲ್ಲಿ ವರುಣನನ್ನೂ ಇಂದ್ರನನ್ನೂ ಗೌರವದಿಂದ ಅಸುರ ಎಂದು ಕರೆದ ಋಕ್ಕುಗಳಿವೆ. ಶತ್ರುವರ್ಗದ ಹೆಸರಾಗಿ ಆ ಪದ ಗಟ್ಟಿಯಾದದ್ದು ಆಮೇಲೆ. ಇರಾನಿನ ಜರತುಷ್ಟ್ರ ಧರ್ಮದ ಗ್ರಂಥವಾದ ಅವೆಸ್ತಾದಲ್ಲಿ ಅಹುರ ಎಂಬುದು ಪರಮದೈವದ ಹೆಸರಿನ ಭಾಗ, ‘ದಏವ’ ಎಂಬುದು ದುಷ್ಟಶಕ್ತಿಗಳ ಹೆಸರು. ಜೈನರ ಲೋಕವರ್ಣನೆಯಲ್ಲಿ ಅಸುರಕುಮಾರರು ಭವನವಾಸಿ ದೇವರುಗಳ ಹತ್ತು ವರ್ಗಗಳಲ್ಲಿ ಒಂದು ವರ್ಗ. ಹೀಗಿರುವಾಗ ‘ಅಸುರ ಎಂದರೆ ಡೀಮನ್’ ಎಂದು ಬರೆದು ಮುಂದೆ ಹೋಗುವ ಪ್ರಬಂಧ ಮೊದಲ ಪುಟದಲ್ಲೇ ಎಡವುತ್ತದೆ.

ಪದಗಳ ಕೆಲಸ ಮುಗಿದ ಮೇಲೆ ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಬೇಕು. ‘ವಿಶ್ವದ ಧರ್ಮಗಳಲ್ಲಿ ಒಳಿತು ಕೆಡುಕುಗಳ ಹೋರಾಟ’ ಎಂಬುದು ಒಂದು ಸೆಮಿಸ್ಟರಿನಲ್ಲಿ ಯಾರಿಗೂ ಬರೆಯಲಾಗದ ಪ್ರಬಂಧ. ಅದರ ಬದಲು ಒಂದು ಗ್ರಂಥದ ಒಂದು ಭಾಗವನ್ನು ಹಿಡಿಯಿರಿ. ಉದಾಹರಣೆಗೆ, ಯೋಬನ ಗ್ರಂಥದ ಮೊದಲ ಎರಡು ಅಧ್ಯಾಯಗಳಲ್ಲಿ ಸೈತಾನನು ದೇವಪುತ್ರರ ಜೊತೆಯಲ್ಲಿ ದೇವರ ಸನ್ನಿಧಿಗೆ ಬಂದು ನಿಲ್ಲುತ್ತಾನೆ, ದೇವರೊಡನೆ ಮಾತಾಡುತ್ತಾನೆ, ದೇವರ ಅನುಮತಿ ಸಿಕ್ಕ ಮೇಲೆಯೇ ಯೋಬನನ್ನು ಕಾಡಲು ಹೊರಡುತ್ತಾನೆ. ಹೀಬ್ರೂ ಮೂಲದಲ್ಲಿ ಅಲ್ಲಿರುವುದು ‘ಹಸ್ಸಾತಾನ್’, ಅಂದರೆ ‘ಆ ಎದುರಾಳಿ’. ಅದೊಂದು ಅಂಕಿತನಾಮ ಅನ್ನುವುದಕ್ಕಿಂತ ಒಂದು ಹುದ್ದೆಯ ಹೆಸರಿನಂತಿದೆ. ‘ಯೋಬನ ಗ್ರಂಥದ ಸೈತಾನ ದೇವರ ಶತ್ರುವೋ, ದೇವರ ಆಸ್ಥಾನದ ಅಧಿಕಾರಿಯೋ?’ ಎಂಬ ಪ್ರಶ್ನೆಗೆ ಇಪ್ಪತ್ತು ಪುಟ ಬೇಕಾಗುತ್ತದೆ. ಅದೇ ರೀತಿ, ಕುರಾನಿನಲ್ಲಿ ಆದಮನಿಗೆ ಬಾಗಲು ಒಪ್ಪದ ಇಬ್ಲೀಸನು 18ನೆಯ ಅಧ್ಯಾಯದ 50ನೆಯ ವಚನದಲ್ಲಿ ಜಿನ್ನ್ ಎಂಬ ಕಣ್ಣಿಗೆ ಕಾಣದ ಜೀವಿಗಳ ಪೈಕಿಯವನೆಂದು ಹೇಳಲ್ಪಟ್ಟಿದ್ದಾನೆ. ಹಾಗಾದರೆ ದೇವದೂತರಿಗೆ ಕೊಟ್ಟ ಆಜ್ಞೆ ಅವನಿಗೆ ಹೇಗೆ ಅನ್ವಯಿಸಿತು ಎಂಬ ಚರ್ಚೆ ಇಸ್ಲಾಮೀ ವ್ಯಾಖ್ಯಾನಕಾರರಲ್ಲಿ ಉದ್ದಕ್ಕೂ ನಡೆದಿದೆ. ಅದೂ ಒಂದು ಪೂರ್ಣ ವಿಷಯ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಳಿತು ಬರೆಯುವವರಿಗೆ ಮನೆಬಾಗಿಲಲ್ಲೇ ಸಾಮಗ್ರಿಯಿದೆ. ‘ಸೊಕ್ಕಿದ್ದವಗೆ ಯಾಣ, ರೊಕ್ಕಿದ್ದವಗೆ ಗೋಕರ್ಣ’ ಎಂಬ ಗಾದೆಯ ಎರಡೂ ಊರುಗಳಲ್ಲಿ ಒಬ್ಬೊಬ್ಬ ಅಸುರನಿದ್ದಾನೆ. ಯಾಣದ ಕಪ್ಪು ಬಂಡೆಗಳು ಭಸ್ಮಾಸುರ ಉರಿದ ಬೆಂಕಿಯಿಂದ ಕಪ್ಪಾದವು ಎನ್ನುತ್ತದೆ ಸ್ಥಳಕಥೆ, ಅಲ್ಲಿಯ ಒಂದು ಶಿಖರಕ್ಕೆ ಮೋಹಿನಿಯ ಹೆಸರೇ ಇದೆ. ಭೂವಿಜ್ಞಾನಿಗಳಿಗೆ ಅದು ಸುಣ್ಣಕಲ್ಲಿನ ಬಂಡೆ. ಇದು ಚೆಲುವಾದ ಉದಾಹರಣೆಯಾದರೂ ಪ್ರಬಂಧಕ್ಕೆ ಹೆಚ್ಚು ಫಲ ಕೊಡುವುದು ಗೋಕರ್ಣದ ಕಥೆಯೇ ಎಂದು ನನ್ನ ಅಭಿಪ್ರಾಯ. ಆ ಕಥೆಯನ್ನು ಒಮ್ಮೆ ರಾವಣನ ಪಕ್ಕದಲ್ಲಿ ನಿಂತು ನೋಡಿ. ತಾಯಿಯ ಪೂಜೆಗಾಗಿ ಅವನು ಕೈಲಾಸದಿಂದ ಆತ್ಮಲಿಂಗವನ್ನು ತರುತ್ತಾನೆ. ನೆಲಕ್ಕೆ ಇಡಬಾರದೆಂಬ ಕಟ್ಟಳೆಯಿದೆ. ಗೋಕರ್ಣದ ಕಡಲತೀರಕ್ಕೆ ಬಂದಾಗ ಸಂಧ್ಯಾಕಾಲವಾಯಿತೆಂದು ಅವನಿಗೆ ತೋರುವಂತೆ ಮಾಡಲಾಗುತ್ತದೆ. ಸಂಧ್ಯಾವಂದನೆ ತಪ್ಪಿಸಬಾರದೆಂಬ ನಿಷ್ಠೆಯಿಂದ ಲಿಂಗವನ್ನು ಅಲ್ಲಿ ನಿಂತಿದ್ದ ವಟುವಿನ ಕೈಗೆ ಕೊಡುತ್ತಾನೆ. ಆ ವಟು ಗಣಪತಿ, ಮೂರು ಸಲ ಕೂಗಿ, ರಾವಣ ಬರುವುದರೊಳಗೆ ನೆಲಕ್ಕಿಟ್ಟುಬಿಡುತ್ತಾನೆ. ಎಳೆದರೂ ಬಾರದ ಲಿಂಗ ಮಹಾಬಲೇಶ್ವರವಾಗುತ್ತದೆ, ಕಿತ್ತೆಸೆದ ಮುಸುಕಿನ ಬಟ್ಟೆ ಬಿದ್ದಲ್ಲಿ ಮುರ್ಡೇಶ್ವರವಾಗುತ್ತದೆ. ಇಲ್ಲಿ ಉಪಾಯ ಹೂಡಿದವರು ದೇವತೆಗಳು, ಆಚಾರ ತಪ್ಪದವನು ರಾಕ್ಷಸ.

ಇದನ್ನು ಒಬ್ಬ ವಿದ್ಯಾರ್ಥಿನಿ ಮೊದಲ ಕರಡಿನಲ್ಲಿ ‘ರಾವಣನು ದುಷ್ಟನಾದ ಡೀಮನ್ ಆಗಿದ್ದು ದೇವರು ಅವನನ್ನು ಸೋಲಿಸಿದರು’ ಎಂದು ಬರೆದಿದ್ದಳು. ನಾವಿಬ್ಬರೂ ಕುಳಿತು ತಿದ್ದಿದ ಮೇಲೆ ಅದು ಹೀಗಾಯಿತು: ‘ಗೋಕರ್ಣದ ಸ್ಥಳಕಥೆಯಲ್ಲಿ ರಾವಣನ ಸೋಲಿಗೆ ಕಾರಣವಾದದ್ದು ಅವನ ಆಚಾರನಿಷ್ಠೆ, ಆದ್ದರಿಂದ ಕ್ರೈಸ್ತ ಪರಂಪರೆಯ ಡೀಮನ್ ಎಂಬ ಪರಿಕಲ್ಪನೆ ಈ ಕಥೆಯ ರಾಕ್ಷಸನಿಗೆ ಹೊಂದುವುದಿಲ್ಲ.’ ಎರಡನೆಯ ವಾಕ್ಯವನ್ನು ಒಪ್ಪದವರು ಇರಬಹುದು, ಅದಕ್ಕೆದುರಾಗಿ ರಾಮಾಯಣದ ರಾವಣನನ್ನು ತಂದು ನಿಲ್ಲಿಸಬಹುದು. ಹಾಗೆ ವಾದಕ್ಕೆ ಎಡೆಕೊಡುವ ವಾಕ್ಯವೇ ಪ್ರಬಂಧದ ಪ್ರತಿಪಾದನೆ ಆಗಬಲ್ಲದು.

ಶಿರಸಿ ಸೀಮೆಯವರಾದರೆ ಸೋಂದೆಗೆ ಹೋಗಿ. ವಾದಿರಾಜರ ಮಠದಲ್ಲಿ ಭೂತರಾಜರ ಗುಡಿಯಿದೆ. ಮಠದ ಪರಂಪರೆಯ ಕಥೆಯಂತೆ, ಬ್ರಹ್ಮರಾಕ್ಷಸನಾಗಿ ದಾರಿಹೋಕರಿಗೆ ಒಗಟು ಕೇಳಿ ಕಾಡುತ್ತಿದ್ದವನು ವಾದಿರಾಜರ ಉತ್ತರಕ್ಕೆ ಸೋತು ಅವರ ಸೇವಕನಾದನು, ಈಗ ಅವನಿಗೂ ಅಲ್ಲಿ ಪೂಜೆ ಸಲ್ಲುತ್ತದೆ. ಅಪ್ಪಣೆಯನ್ನು ಪಾಲಿಸುವುದರಿಂದ ಅವನು ದೂತ, ಯೋನಿಯಿಂದ ಬ್ರಹ್ಮರಾಕ್ಷಸ, ಪೂಜೆಯಿಂದ ದೇವತೆ. ಹಳ್ಳಿಗಳ ಚೌಡಿ, ಜಟಕರನ್ನೂ ಇದೇ ಸಾಲಿನಲ್ಲಿಟ್ಟು ನೋಡಬಹುದು. ಅವು ಕಾಯುತ್ತವೆ, ಹರಕೆ ತಪ್ಪಿದರೆ ಕಾಡುತ್ತವೆ.

ಆಕರಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಧರ್ಮಗ್ರಂಥವನ್ನು ಪುಟಸಂಖ್ಯೆಯಿಂದ ಉಲ್ಲೇಖಿಸಬಾರದು, ಗ್ರಂಥ, ಅಧ್ಯಾಯ, ವಚನ ಎಂಬ ಕ್ರಮದಲ್ಲೇ ಉಲ್ಲೇಖಿಸಬೇಕು, ಯಾವ ಭಾಷಾಂತರ ಎಂಬುದನ್ನು ಮೊದಲ ಸಲವೇ ಹೇಳಬೇಕು. ಎಲ್ಲರಿಗೂ ಗೊತ್ತಿದೆ ಎಂದು ಅಂದುಕೊಂಡ ಸಂಗತಿಗಳನ್ನೇ ಹೆಚ್ಚು ಅನುಮಾನಿಸಿ. ಸೈತಾನನ ದಂಗೆ, ಪತನ, ಸೊಕ್ಕಿನ ಭಾಷಣ ಇವೆಲ್ಲ ಬೈಬಲ್ಲಿನಲ್ಲಿವೆ ಎಂದು ಬರೆಯುವವರ ಮನಸ್ಸಿನಲ್ಲಿರುವುದು ಬಹುಪಾಲು 1667ರಲ್ಲಿ ಪ್ರಕಟವಾದ ಇಂಗ್ಲಿಷ್ ಕವಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯ. ‘ಲೂಸಿಫರ್’ ಎಂಬ ಹೆಸರು ಬಂದದ್ದು ಯೆಶಾಯನ ಗ್ರಂಥದ 14ನೆಯ ಅಧ್ಯಾಯದ 12ನೆಯ ವಚನದ ಲ್ಯಾಟಿನ್ ಭಾಷಾಂತರದಿಂದ. ಅದರ ಅರ್ಥ ಬೆಳಗಿನ ನಕ್ಷತ್ರ, ಮತ್ತು ಆ ಅಧ್ಯಾಯ ಬಾಬಿಲೋನಿನ ಅರಸನನ್ನು ಕುರಿತದ್ದು. ದೇವದೂತರ ಒಂಬತ್ತು ಶ್ರೇಣಿಗಳ ಪಟ್ಟಿಯೂ ಬೈಬಲ್ಲಿನಲ್ಲಿ ಹಾಗೆ ಜೋಡಿಸಿಟ್ಟಿಲ್ಲ, ಅದು ಡಯೊನೀಸಿಯಸ್ಸನ ಹೆಸರಿನಲ್ಲಿ ಬರೆದ ಅಜ್ಞಾತ ಕ್ರೈಸ್ತ ಲೇಖಕನೊಬ್ಬನ ವ್ಯವಸ್ಥೆ. ಹೆಸರುಳ್ಳ ದೂತರನ್ನು ಎಣಿಸುವಾಗಲೂ ಎಚ್ಚರ ಬೇಕು: ಗಬ್ರಿಯೇಲ, ಮೀಕಾಯೇಲರು ದಾನಿಯೇಲನ ಗ್ರಂಥದಲ್ಲಿ ಕಾಣಿಸುತ್ತಾರೆ, ರಫಾಯೇಲನು ಬರುವ ತೋಬಿತನ ಗ್ರಂಥವು ಕಥೋಲಿಕರ ಬೈಬಲ್ಲಿನಲ್ಲಿದೆ, ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿಲ್ಲ. ಕಾರವಾರ, ಹೊನ್ನಾವರದ ಚರ್ಚುಗಳಲ್ಲಿ ಪಾದ್ರಿಗಳನ್ನು ಕಂಡು ಮಾತಾಡುವುದಿದ್ದರೆ ಇದನ್ನು ತಿಳಿದುಕೊಂಡೇ ಹೋಗಿ. ಈ ಮೂವರ ಹಬ್ಬ ಸೆಪ್ಟೆಂಬರ್ 29ರಂದು, ಅದರ ಹಿಂದುಮುಂದಿನ ವಾರ ಭೇಟಿಗೆ ಒಳ್ಳೆಯದು.

ಯಕ್ಷಗಾನವನ್ನು ಆಕರವಾಗಿ ಹಿಡಿಯುವವರಿಗೆ ಬೇರೆ ತೊಡಕಿದೆ. ಪ್ರಸಂಗದ ಪದ್ಯ ಅಚ್ಚಾಗಿರುತ್ತದೆ, ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಮಾತ್ರ ಆ ರಾತ್ರಿಯದು. ಒಂದೇ ಪ್ರಸಂಗದ ಭಸ್ಮಾಸುರ ಒಂದು ರಾತ್ರಿ ಮರುಳನಾಗಿ ನಗಿಸಿದರೆ ಇನ್ನೊಂದು ರಾತ್ರಿ ಮರುಕ ಹುಟ್ಟಿಸುತ್ತಾನೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಕಂಡ ಹಿರಿಯರಿಗೆ ಆ ಪಾತ್ರವೆಂದರೆ ಅವರ ಕುಣಿತವೇ. ಹಾಗಾಗಿ ‘ಯಕ್ಷಗಾನದಲ್ಲಿ ಭಸ್ಮಾಸುರನು ಹೀಗೆನ್ನುತ್ತಾನೆ’ ಎಂಬ ವಾಕ್ಯಕ್ಕೆ ಬೆಲೆಯಿಲ್ಲ. ಯಾವ ಪ್ರಸಂಗ, ಯಾವ ಮೇಳ, ಯಾವ ಊರು, ಯಾವ ತಾರೀಕು, ವೇಷ ಯಾರದು, ಧ್ವನಿಮುದ್ರಣ ನಿಮ್ಮದೋ ಬೇರೆಯವರದೋ ಎಂಬ ಆರು ವಿವರಗಳು ಅಡಿಟಿಪ್ಪಣಿಯಲ್ಲಿರಬೇಕು. ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಲೆಯಾದರೆ ಧ್ವನಿಮುದ್ರಿಸಿಕೊಳ್ಳಲು ಅರ್ಥಧಾರಿಗಳನ್ನೂ ಭಾಗವತರನ್ನೂ ಮೊದಲೇ ಕೇಳಿ, ಮದ್ದಳೆಯ ಹತ್ತಿರ ಫೋನ್ ಇಡಬೇಡಿ. ನಾನು ಓದುವ ಕಾಲದಲ್ಲಿ ಹಾಗೆ ಇಟ್ಟು, ಮೂರು ತಾಸಿನ ಮುದ್ರಣದಲ್ಲಿ ಪೆಟ್ಟಿನ ಸದ್ದಲ್ಲದೆ ಅರ್ಥದ ಒಂದು ಸಾಲೂ ಸಿಗದೆ ಪೇಚಾಡಿದ್ದೇನೆ.

ಪುಸ್ತಕಗಳಿಗಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ದಿನ ಹೋಗಿಬರುವುದು ಲಾಭವೇ. ಹೋಗಲಾಗದವರಿಗೆ ಶೋಧಗಂಗಾ ಜಾಲತಾಣದಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಅವುಗಳಿಂದ ಎತ್ತಿ ಬರೆಯುವ ಆಸೆಯನ್ನು ಬಿಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳು ಶೇಕಡಾ 10ರವರೆಗಿನ ಹೋಲಿಕೆಯನ್ನು ಮಾತ್ರ ದಂಡವಿಲ್ಲದೆ ಬಿಡುತ್ತವೆ, ಸರಿಯಾಗಿ ಉಲ್ಲೇಖಿಸಿದ ಉದ್ಧರಣೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲ.

ಬರವಣಿಗೆಯ ಧಾಟಿಯ ಬಗ್ಗೆ ಎರಡು ಮಾತು. ದೆವ್ವಗಳು ಇವೆಯೇ ಇಲ್ಲವೇ ಎಂಬುದನ್ನು ಈ ಪ್ರಬಂಧ ತೀರ್ಮಾನಿಸಬೇಕಿಲ್ಲ. ‘ಭಕ್ತರು ನಂಬುತ್ತಾರೆ’, ‘ಗ್ರಂಥ ಹೇಳುತ್ತದೆ’, ‘ಸ್ಥಳಕಥೆಯ ಪ್ರಕಾರ’ ಎಂಬ ಮೂರು ಮಾತುಗಳು ಬೇರೆಬೇರೆ ಆಕರಗಳನ್ನು ಸೂಚಿಸುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬೇಡಿ. ‘ಮೂಢನಂಬಿಕೆ’ ಎಂಬ ಪದವನ್ನು ಒಂದು ಧರ್ಮದ ದೆವ್ವಕ್ಕೆ ಅಂಟಿಸಿ ಇನ್ನೊಂದು ಧರ್ಮದ ದೂತನಿಗೆ ‘ಶ್ರದ್ಧೆ’ ಎಂಬ ಪದ ಕೊಡುವುದು ಪರೀಕ್ಷಕರ ಕಣ್ಣಿಗೆ ಥಟ್ಟನೆ ಬೀಳುವ ದೋಷ.

ಪೀಠಿಕೆಯನ್ನು ಕೊನೆಯಲ್ಲಿ ಬರೆಯಿರಿ, ಶೀರ್ಷಿಕೆಯನ್ನು ಅದಕ್ಕೂ ಕೊನೆಯಲ್ಲಿ. ಮೀಕಾಯೇಲ ಒಂದು ಪುಟದಲ್ಲಿ ಮೈಕೇಲನೂ ಇನ್ನೊಂದರಲ್ಲಿ ಮಿಖಾಯಿಲನೂ ಆಗಿದ್ದರೆ ಒಂದೇ ರೂಪಕ್ಕೆ ತನ್ನಿ. ಮುದ್ರಣಕ್ಕೆ ಕೊಡುವ ಮೊದಲು, ನಿಮಗೆ ಕಥೆ ಹೇಳಿದ ಅರ್ಚಕರಿಗೋ ಪಾದ್ರಿಗಳಿಗೋ ವೇಷಧಾರಿಗಳಿಗೋ ಅವರ ಮಾತಿರುವ ಪುಟವನ್ನು ಓದಿ ಹೇಳಿ. ‘ತಮಾ, ನಾ ಹೀಂಗೆ ಹೇಳಿದ್ನಾ?’ ಎಂದು ಅವರು ಕೇಳಿದರೆ ಆ ಪುಟವನ್ನು ಮತ್ತೆ ಬರೆಯಲು ಇನ್ನೂ ಸಮಯವಿರುವಂತೆ ಹೋಗಿ.